ಚಿಕ್ಕ ಕಂಪನಿಯಲ್ಲಿದ್ದೇ 65 ತುಂಬಿತೇ? ಮೆಡಿಕೇರ್ ಜೋಡಿಸಿಕೊಳ್ಳುವುದು ಹೀಗೆ

65 ಆದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆಯೇ ಮೆಡಿಕೇರ್. ಅಲ್ಲಿರುವ ನಮ್ಮವರು ಅನೇಕರು 65 ಆದಮೇಲೂ ಕೆಲಸ ಬಿಡುವುದಿಲ್ಲ. ‘ಆಫೀಸಿನ ಇನ್ಶೂರೆನ್ಸ್ ಇದೆಯಲ್ಲ, ಮೆಡಿಕೇರ್ ಆಮೇಲೆ ನೋಡೋಣ’ ಅಂತ ಸುಮ್ನೆ ಇದ್ದುಬಿಡುತ್ತಾರೆ. ದೊಡ್ಡ ಕಂಪನಿಯಾದರೆ ನಡೆಯುತ್ತದೆ. ಹತ್ತು ಹನ್ನೆರಡು ಜನರ ಕನ್ಸಲ್ಟಿಂಗ್ ಆಫೀಸೋ ಹಲ್ಲಿನ ಕ್ಲಿನಿಕ್ಕೋ ಆದರೆ ಈ ಲೆಕ್ಕ ಕೈಕೊಡುತ್ತದೆ.

ಮೊದಲು ತಲೆ ಎಣಿಸಿ. ಕಂಪನಿಯಲ್ಲಿ 20ಕ್ಕಿಂತ ಕಡಿಮೆ ಜನರಿದ್ದರೆ ಬಿಲ್ಲಿಗೆ ಮೊದಲು ದುಡ್ಡು ಕೊಡಬೇಕಾದದ್ದು ಮೆಡಿಕೇರ್. ಆಫೀಸಿನ ಇನ್ಶೂರೆನ್ಸ್ ಎರಡನೆಯದು. 20 ಅಥವಾ ಜಾಸ್ತಿ ಇದ್ದರೆ ಉಲ್ಟಾ. ಪಾರ್ಟ್ ಟೈಮ್‌ನವರೂ ಲೆಕ್ಕಕ್ಕೆ ಸೇರುತ್ತಾರೆ. ಈ ವರ್ಷವೋ ಹಿಂದಿನ ವರ್ಷವೋ 20 ವಾರ 20 ಜನರಿದ್ದರೆ ಸಾಕು, ಅದು ದೊಡ್ಡ ಕಂಪನಿ. ಹಲವು ಕಂಪನಿಗಳು ಸೇರಿ ಒಂದೇ ಪ್ಲಾನ್ ತಗೊಂಡಿದ್ದರೆ ಲೆಕ್ಕ ಬದಲಾಗಬಹುದು. ಮಾಲೀಕರ ಬಾಯಿಮಾತು ನಂಬಬೇಡಿ. ಯಾರು ಮೊದಲು, ಯಾರು ಆಮೇಲೆ ಅಂತ ಇನ್ಶೂರೆನ್ಸ್ ಕಂಪನಿಯಿಂದ ಇಮೇಲ್ ಬರೆಸಿಕೊಳ್ಳಿ.

ಎಲ್ಲರೂ ಎಡವುವುದು ಪಾರ್ಟ್ ಬಿ, ಅಂದರೆ ಡಾಕ್ಟರ್ ಬಿಲ್ಲಿಗೆ ಕೊಡುವ ಮೆಡಿಕೇರ್ ಭಾಗದ ಹತ್ತಿರ. ‘ಕೆಲಸದಲ್ಲಿದ್ದು ಆಫೀಸಿನ ಇನ್ಶೂರೆನ್ಸ್ ಇದ್ದರೆ ತಡವಾದರೂ ದಂಡ ಇಲ್ಲ’ ಅಂತ ಯಾರೋ ಹೇಳಿರುತ್ತಾರೆ. ನಿಜ, ಚಿಕ್ಕ ಕಂಪನಿಯಲ್ಲಿರುವವರಿಗೂ ದಂಡ ಇಲ್ಲ. ಆದರೆ ದಂಡದ ಮಾತು ಬೇರೆ, ಬಿಲ್ಲಿನ ಮಾತು ಬೇರೆ. ನೀವು ಪಾರ್ಟ್ ಬಿ ತಗೊಳ್ಳದಿದ್ದರೂ, ತಗೊಂಡಿದ್ದರೆ ಮೆಡಿಕೇರ್ ಎಷ್ಟು ಕೊಡುತ್ತಿತ್ತೋ ಅಷ್ಟನ್ನು ಇನ್ಶೂರೆನ್ಸ್‌ನವರು ಕಳೆದು ಲೆಕ್ಕ ಹಾಕಬಹುದು. ಡಾಕ್ಟರ್ ಬಿಲ್ 10,000 ಡಾಲರ್ ಅಂದುಕೊಳ್ಳಿ. ಡಿಡಕ್ಟಿಬಲ್ (ಮೊದಲು ನೀವೇ ಕಟ್ಟುವ ಮೊತ್ತ) ಬಿಟ್ಟರೆ ಮೆಡಿಕೇರ್ ಪಾಲು ಶೇ 80, ಅಂದರೆ 8,000. ಇನ್ಶೂರೆನ್ಸ್ ಉಳಿದ 2,000 ಮಾತ್ರ ನೋಡಿಕೊಳ್ಳುತ್ತದೆ. ಆ 8,000 ನಿಮ್ಮ ತಲೆಗೆ! ಕೆಲವೊಮ್ಮೆ ಮೊದಲು ಪೂರ್ತಿ ಕೊಟ್ಟು, ನಿಮ್ಮ ವಯಸ್ಸು ಕಣ್ಣಿಗೆ ಬಿದ್ದ ಮೇಲೆ ಕೊಟ್ಟದ್ದನ್ನು ವಾಪಸ್ ಕೇಳುವುದೂ ಉಂಟು. 2025ರಲ್ಲಿ ಪಾರ್ಟ್ ಬಿ ಸಾಮಾನ್ಯ ಕಂತು ತಿಂಗಳಿಗೆ 185 ಡಾಲರ್ ಇತ್ತು. ಅದನ್ನು ಉಳಿಸಲು ಹೋಗಲೇಬೇಡಿ.

ಅರ್ಜಿ ಹಾಕುವುದು ಸುಲಭ, ಸೋಶಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲೇ ಆಗುತ್ತದೆ. 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳು ಅವಕಾಶ. ಹಿಂದಿನ ಮೂರರಲ್ಲೇ ಮುಗಿಸಿ. ಆ ಅವಕಾಶ ದಾಟಿದ್ದರೆ ಪಾರ್ಟ್ ಬಿ ಅರ್ಜಿಯಾದ ಸಿಎಂಎಸ್-40ಬಿ ಜೊತೆಗೆ, ಆಫೀಸಿನ ಇನ್ಶೂರೆನ್ಸ್ ಇತ್ತು ಅಂತ ತೋರಿಸುವ ಸಿಎಂಎಸ್-ಎಲ್564 ಫಾರ್ಮ್ ಬೇಕು. ಎರಡನೆಯದನ್ನು ಆಫೀಸಿನವರು ತುಂಬಿ ಸಹಿ ಹಾಕಬೇಕು. ಎಚ್‌ಎಸ್‌ಎ (ಚಿಕಿತ್ಸೆ ಖರ್ಚಿಗೆ ತೆರಿಗೆ ಇಲ್ಲದೆ ಉಳಿಸುವ) ಖಾತೆಗೆ ದುಡ್ಡು ಹಾಕುತ್ತಿದ್ದರೆ ಮೊದಲೇ ನಿಲ್ಲಿಸಿ. 65 ದಾಟಿದ ಮೇಲೆ ಅರ್ಜಿ ಹಾಕಿದರೆ ಪಾರ್ಟ್ ಎ (ಆಸ್ಪತ್ರೆ ಖರ್ಚಿನ ಭಾಗ) ಆರು ತಿಂಗಳವರೆಗೆ ಹಿಂದಿನಿಂದ ಜಾರಿಯಾಗುತ್ತದೆ, ಆ ತಿಂಗಳುಗಳಲ್ಲಿ ಖಾತೆಗೆ ಹಾಕಿದ ದುಡ್ಡಿಗೆ ತೆರಿಗೆ ತಲೆನೋವು ಗ್ಯಾರಂಟಿ.

ಕಾರ್ಡ್ ಬಂದಮೇಲೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಕ್ಲಿನಿಕ್ಕಿನ ಕೌಂಟರಿನಲ್ಲಿ ಎರಡೂ ಕಾರ್ಡ್ ಕೊಟ್ಟು ‘ಮೆಡಿಕೇರ್ ಮೊದಲು’ ಅಂತ ಬಾಯಿಬಿಟ್ಟು ಹೇಳಿ. ಹಳೇ ಕಾರ್ಡು ಅವರ ಕಂಪ್ಯೂಟರಿನಲ್ಲಿ ಮೊದಲನೆಯದಾಗಿಯೇ ಉಳಿದಿದ್ದರೆ ಕ್ಲೇಮ್ ತಿರಸ್ಕಾರವಾಗಿ ವಾಪಸ್ ಬರುತ್ತದೆ.

ಮೆಡಿಕೇರ್ ಬಂತು ಅಂತ ಆಫೀಸಿನ ಪ್ಲಾನ್ ರದ್ದು ಮಾಡುವ ಅವಸರ ಬೇಡ. ಮೆಡಿಕೇರ್ ಒಬ್ಬೊಬ್ಬರಿಗೇ ಬೇರೆ. ನಿಮ್ಮ ಪ್ಲಾನಿನಲ್ಲಿರುವ 61ರ ಹೆಂಡತಿಗೆ ಆಮೇಲೆ ಏನು ಗತಿ? ಟಿವಿಯಲ್ಲಿ ಬರುವ ಅಡ್ವಾಂಟೇಜ್ ಪ್ಲಾನ್ (ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಪ್ಲಾನ್) ಜಾಹೀರಾತು, ಊಟದ ಹೊತ್ತಿಗೆ ಬರುವ ಏಜೆಂಟರ ಫೋನು, ಎರಡಕ್ಕೂ ಕಿವಿಗೊಡಬೇಡಿ. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಸರ್ಕಾರಿ ಸಲಹಾ ಕೇಂದ್ರವಿದೆ, ದುಡ್ಡಿಲ್ಲದೆ ಹೇಳಿಕೊಡುತ್ತಾರೆ.

ಔಷಧಿಗೆ ಪಾರ್ಟ್ ಡಿ ಈಗಲೇ ಬೇಕೇ? ಆಫೀಸಿನ ಔಷಧಿ ಸೌಲಭ್ಯ ಮೆಡಿಕೇರ್‌ನಷ್ಟು ಚೆನ್ನಾಗಿದೆಯೇ ಅಂತ ತಿಳಿಸುವ ಪತ್ರ ಪ್ರತಿವರ್ಷ ಅಕ್ಟೋಬರ್ 15ರೊಳಗೆ ಬರಬೇಕು. ಇದೆ ಅಂದರೆ ಸದ್ಯಕ್ಕೆ ಬೇಡ. ಪತ್ರ ಮಾತ್ರ ಎಸೆಯಬೇಡಿ. ಆ ಸೌಲಭ್ಯ ಮುಗಿದ ಮೇಲೆ 63 ದಿನ ಖಾಲಿ ಬಿಟ್ಟರೆ ದಂಡ ಬೀಳುತ್ತದೆ, ಅಲ್ಲಿಯವರೆಗೆ ಸೌಲಭ್ಯ ಇತ್ತು ಅಂತ ತೋರಿಸಲು ಇದೇ ಪತ್ರ ಬೇಕು.