ಐಪಾಡ್ ಬ್ಯಾಟರಿ ಬೇಗ ಬರಿದಾಗುತ್ತಿದ್ದುದು ಹೇಗೆ ಸರಿಹೋಯಿತು

ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋಗುವಾಗ ಹಾಡು ಕೇಳಲು ಹಳೆಯ ಐಪಾಡ್ ಕ್ಲಾಸಿಕ್ ಒಂದನ್ನು ಒಯ್ಯುತ್ತೇನೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿಟ್ಟರೂ ಮರುದಿನ ಹುಮನಾಬಾದ್ ತಲುಪುವಷ್ಟರಲ್ಲಿ ಅದು ಬರಿದಾಗಿರುತ್ತಿತ್ತು. ಬ್ಯಾಟರಿ ಬದಲಿಸಲೇಬೇಕೆಂದುಕೊಂಡಿದ್ದೆ, ಆದರೆ ತಪ್ಪು ನನ್ನದೇ ಆಗಿತ್ತು. ಆಫ್ ಮಾಡಲು ಬೇರೆ ಗುಂಡಿ ಇಲ್ಲದ ಕಾರಣ, ಪ್ಲೇ ಗುಂಡಿಯನ್ನು ಒಮ್ಮೆ ಒತ್ತಿ ಹಾಡು ನಿಲ್ಲಿಸಿದರೆ ಸಾಕೆಂದು ಭಾವಿಸಿ ಚೀಲಕ್ಕೆ ಹಾಕುತ್ತಿದ್ದೆ. ಅಲ್ಲಿ ಬುತ್ತಿ ಡಬ್ಬಿಯ ಒತ್ತಡಕ್ಕೆ ಅದು ಮತ್ತೆ ಎಚ್ಚರಗೊಂಡು, ಕೇಳುವವರಿಲ್ಲದೆಯೂ ಗಂಟೆಗಟ್ಟಲೆ ಹಾಡುತ್ತಿತ್ತು. ಈಗ ಅದೇ ಗುಂಡಿಯನ್ನು ಪರದೆ ಕಪ್ಪಾಗುವವರೆಗೆ ಒತ್ತಿ ಹಿಡಿದು, ಗುಂಡಿಗಳು ಒತ್ತಿದರೂ ಕೆಲಸ ಮಾಡದಂತೆ ತಡೆಯುವ ಮೇಲಂಚಿನ ಹೋಲ್ಡ್ ಸ್ವಿಚ್ಚನ್ನು ಕಿತ್ತಳೆ ಬಣ್ಣ ಕಾಣುವಂತೆ ಸರಿಸುತ್ತೇನೆ. ಪರದೆಯ ಬೆಳಕಿನ ಅವಧಿಯನ್ನೂ 5 ಸೆಕೆಂಡಿಗೆ ಇಳಿಸಿದ್ದೇನೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ಮತ್ತು ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರದ ಕಾರಣ, ಬಿಸಿಲು ಬೀಳುವ ಕಿಟಕಿಯ ಬಳಿ ಅದನ್ನು ಇಡುವುದಿಲ್ಲ. ಕಳೆದ ಸಲ ಬೀದರಿನಿಂದ ಮರಳಿದಾಗಲೂ ಚಾರ್ಜ್ ಉಳಿದಿತ್ತು.