ರಾತ್ರಿ 11ಕ್ಕೆ ಮಲಗ್ತಿದ್ದ ಮಗಳು 8:30ಕ್ಕೆ ಮಲಗೋ ಹಾಗಾಗಿದ್ದು (ನನ್ನ ಅನುಭವ)

ಮಡಿಕೇರಿ ಹತ್ರ ತೋಟದ ಮನೆ ನಮ್ದು, ಮಗಳಿಗೆ 4 ವರ್ಷ. ಜೂನಲ್ಲಿ ಮಳೆ ಹಿಡೀತು, ಹೊರಗೆ ಆಟ ನಿಂತೋಯ್ತು, ಆಮೇಲೆ ರಾತ್ರಿ 11 ಆದ್ರೂ ನಿದ್ದೆ ಇಲ್ಲ, ಬೆಳಿಗ್ಗೆ 8:30 ಆದ್ರೂ ಏಳಲ್ಲ, ಸ್ಲೇಟು ಕೊಟ್ರೆ ಎರಡೇ ನಿಮಿಷಕ್ಕೆ ರಚ್ಚೆ.

8ಕ್ಕೇ ಲೈಟ್ ಆಫ್ ಮಾಡಿ ನೋಡಿದ್ವಿ, ಕತ್ತಲಲ್ಲೇ ಹೆಂಚಿನ ಮೇಲೆ ಮಳೆ ಸದ್ದಿಗೆ ತಾಳ ಹಾಕ್ಕೊಂಡು ಬಿದ್ದಿರ್ತಿದ್ಲು. ಅರಿಶಿನ ಹಾಲು, ಮೊಬೈಲಲ್ಲಿ ಲಾಲಿಹಾಡು, ಯಾವ್ದೂ ಆಗ್ಲಿಲ್ಲ. ಮಧ್ಯಾಹ್ನದ ನಿದ್ದೆ ಬಿಡಿಸಿದ್ದಂತೂ ಉಲ್ಟಾ ಹೊಡೀತು, ಸಂಜೆ 6ಕ್ಕೆ ನಿದ್ದೆಗೆ ಬಿದ್ದು 7:30ಕ್ಕೆ ಎದ್ದು ಕೂರೋಳು.

ಕೊನೆಗೆ ಹಿಡಿದಿದ್ದು ಏಳೋ ಟೈಮನ್ನ. ಎಷ್ಟೊತ್ತಿಗೆ ಮಲಗಿದ್ರೂ ಬೆಳಿಗ್ಗೆ 7ಕ್ಕೆ ಎಬ್ಬಿಸೋದು, ಭಾನುವಾರನೂ ಅಷ್ಟೇ, ಎಬ್ಬಿಸಿ ಸೀದಾ ಜಗಲಿಗೆ ಕರ್ಕೊಂಡ್ಹೋಗಿ ಸ್ವೆಟರ್ ಹಾಕಿ 20 ನಿಮಿಷ ಕೂರಿಸೋದು, ಮೋಡ ಕವಿದಿದ್ರೂ ಹೊರಗಿನ ಬೆಳಕು ಮನೆ ಬಲ್ಬಿಗಿಂತ ಎಷ್ಟೋ ಜಾಸ್ತಿ, ದೇಹದ ಗಡಿಯಾರ ಸೆಟ್ ಆಗೋಕೆ ಅದೇ ಮುಖ್ಯ. ಮಧ್ಯಾಹ್ನ 1ರಿಂದ 2, ಅಷ್ಟೇ ನಿದ್ದೆ. ಮಲಗೋ ಟೈಮನ್ನ 3 ದಿನಕ್ಕೊಂದ್ಸಲ 15 ನಿಮಿಷ ಹಿಂದಕ್ಕೆ ತಂದ್ವಿ, 10:45, 10:30, ಹೀಗೆ. ಮಲಗೋಕೆ 1 ಗಂಟೆ ಮುಂಚೆ ಟಿವಿ, ಮೊಬೈಲ್ ಬಂದ್ (ಕರೆಂಟ್ ಹೋದ ದಿನ ಇದು ತಾನಾಗೇ ಆಗ್ತಿತ್ತು). 8:30ಕ್ಕೆ ಬರೋಕೆ ಒಂದು ತಿಂಗಳು ಹಿಡೀತು. ಈಗ ರಾತ್ರಿದು, ಮಧ್ಯಾಹ್ನದ್ದು ಸೇರಿ ಒಟ್ಟು 11 ಗಂಟೆಗಿಂತ ಜಾಸ್ತಿ ನಿದ್ದೆ ಸಿಗ್ತಿದೆ, ಈ ವಯಸ್ಸಿಗೆ 10ರಿಂದ 13 ಬೇಕು.

ಕಲಿಸೋದನ್ನ ಸಂಜೆಯಿಂದ ತೆಗೆದು ಬೆಳಿಗ್ಗೆ ರೊಟ್ಟಿ ತಿಂದ್ಮೇಲೆ 9ಕ್ಕೆ ಇಟ್ವಿ, 10 ನಿಮಿಷ ಮಾತ್ರ, ತಟ್ಟೇಲಿ ರವೆ ಹರಡಿ ಬೆರಳಲ್ಲಿ ದಿನಕ್ಕೊಂದೇ ಅಕ್ಷರ. ‘ಈ’ ತನಕ ಬಂದಿದ್ದಾಳೆ.