ಕಡಿಮೆ ಬೆಲೆಯ ಮೈಲ್ಡ್ ಸಿಗಾರ್: ಸೇದುವುದು ಹೇಗೆ, ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ

ಮೈಲ್ಡ್ ಸಿಗಾರ್ ಕೊಳ್ಳುವಾಗ ಬ್ರಾಂಡಿನ ಹೆಸರಿಗಿಂತ ಮೊದಲು ಹೊರಗಿನ ಎಲೆ ನೋಡಿ. ಸಿಗಾರ್‌ನಲ್ಲಿ ಮೂರು ಭಾಗ ಇರುತ್ತದೆ. ನಡುವೆ ಫಿಲ್ಲರ್, ಅದನ್ನು ಹಿಡಿದಿಡುವ ಬೈಂಡರ್, ಎಲ್ಲಕ್ಕಿಂತ ಹೊರಗೆ ರ‍್ಯಾಪರ್. ಮೈಲ್ಡ್ ಸಿಗಾರ್‌ಗೆ ಹೆಚ್ಚಾಗಿ ಸುತ್ತುವುದು ಕನೆಕ್ಟಿಕಟ್ ಶೇಡ್ ಅನ್ನುವ ತಿಳಿ ಕಂದು ಎಲೆ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯಲ್ಲಿ ಗಿಡಗಳ ಮೇಲೆ ಬಟ್ಟೆಯ ಚಪ್ಪರ ಹಾಕಿ ಇದನ್ನು ಬೆಳೆಯುತ್ತಾರೆ. ಅದೇ ಬೀಜ ಈಕ್ವೆಡಾರ್‌ನಲ್ಲೂ ಇದೆ, ಅಲ್ಲಿ ಮೋಡವೇ ನೆರಳು ಕೊಡುತ್ತದೆ. ಅಗ್ಗದ ಸಿಗಾರ್‌ಗಳಲ್ಲಿ ಜಾಸ್ತಿ ಸಿಗುವುದು ಈ ಎರಡನೆಯದು, ಅದರಲ್ಲಿ ತಪ್ಪೇನೂ ಇಲ್ಲ.

ಬೆಲೆ ಇಳಿಯುವುದು ಮುಖ್ಯವಾಗಿ ಫಿಲ್ಲರ್‌ನಲ್ಲಿ. ಉದ್ದಕ್ಕೂ ಇಡೀ ಎಲೆ ಹಾಕಿದ್ದರೆ ಲಾಂಗ್ ಫಿಲ್ಲರ್, ಚೂರು ತುಂಬಿದ್ದರೆ ಶಾರ್ಟ್ ಫಿಲ್ಲರ್. ಚೂರು ಬೇಗ ಉರಿಯುತ್ತದೆ, ಬಿಸಿಯಾಗುತ್ತದೆ, ಬಾಯಿಗೆ ಪುಡಿ ಬರುತ್ತದೆ. ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್, ನಿಕರಾಗುವಾಗಳಲ್ಲಿ ಕೈಯಲ್ಲಿ ಸುತ್ತಿ, ಪೆಟ್ಟಿಗೆಯ ಆಡಂಬರ ಇಲ್ಲದೆ ಕಟ್ಟು ಕಟ್ಟಿ ಮಾರುವ ಲಾಂಗ್ ಫಿಲ್ಲರ್ ಸಿಗಾರ್‌ಗಳೂ ಇವೆ. ಹುಡುಕಬೇಕಾದದ್ದು ಇವನ್ನೇ.

ತಂದ ಕೂಡಲೇ ಹಚ್ಚಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವಾಂಶವನ್ನು 65 ಅಥವಾ 69 ಶೇಕಡಾದಲ್ಲಿ ಹಿಡಿದಿಡುವ ಪ್ಯಾಕೆಟ್ ಜೊತೆ ಒಂದೆರಡು ವಾರ ಇಡಿ. ಮಂಗಳೂರಿನ ಮಳೆಗಾಲದಲ್ಲಿ ಹೊರಗಿಟ್ಟರೆ ಎಲೆ ಉಬ್ಬಿ ಹೊಗೆ ಎಳೆಯುವುದೇ ಕಷ್ಟ, ಕಲಬುರಗಿ ಬೇಸಿಗೆಯಲ್ಲಿ ರ‍್ಯಾಪರ್ ಬಿರುಕು ಬಿಡುತ್ತದೆ.

ಈಗ ಕೈಗೆ ತೆಗೆದುಕೊಳ್ಳಿ. ಎರಡು ಬೆರಳಲ್ಲಿ ಬುಡದಿಂದ, ಅಂದರೆ ಹಚ್ಚುವ ತುದಿಯಿಂದ, ಬಾಯಿಗೆ ಇಡುವ ತಲೆಯವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಗಂಟು ಸಿಕ್ಕಿದ ಕಡೆ ಹೊಗೆ ಸಿಕ್ಕಿಕೊಳ್ಳುತ್ತದೆ, ಮೆತ್ತಗಿರುವ ಕಡೆ ಬಿಸಿಯಾಗಿ ಉರಿಯುತ್ತದೆ. ಹಚ್ಚುವ ತುದಿ ಮೂಸಿ ನೋಡಿ. ಒಣಹುಲ್ಲು, ಮರದ ವಾಸನೆ ಬಂದರೆ ಸರಿ. ಅಮೋನಿಯದ ಘಾಟು ಬಂದರೆ ತಂಬಾಕು ಇನ್ನೂ ಸರಿಯಾಗಿ ಹದವಾಗಿಲ್ಲ ಅಂತ ಅರ್ಥ. ಅದನ್ನು ಡಬ್ಬಿಗೆ ವಾಪಸ್ ಹಾಕಿ ಕೆಲವು ತಿಂಗಳು ಮರೆತುಬಿಡಿ.

ತಲೆಯ ಕಡೆ ಚಿಕ್ಕ ಟೋಪಿ ಥರ ಎಲೆ ಅಂಟಿಸಿರುತ್ತಾರೆ. ಅದರ ಅಂಚು ದಾಟದಂತೆ, ಸುಮಾರು 2 ಮಿಲಿಮೀಟರ್ ಮಾತ್ರ, ಹರಿತವಾದ ಕಟರ್‌ನಿಂದ ಒಂದೇ ಸಲಕ್ಕೆ ಕತ್ತರಿಸಿ. ಕೆಳಗೆ ಕತ್ತರಿಸಿದರೆ ರ‍್ಯಾಪರ್ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಸುಮ್ನೆ ಒಂದು ಸಲ ಎಳೆದು ನೋಡಿ, ಗಾಳಿ ಸ್ವಲ್ಪ ತಡೆದು ಬರಬೇಕು.

ಬ್ಯೂಟೇನ್ ಲೈಟರ್ ಅಥವಾ ಉದ್ದದ ಬೆಂಕಿಕಡ್ಡಿ ಬಳಸಿ, ಪೆಟ್ರೋಲ್ ಲೈಟರ್ ಬೇಡ, ವಾಸನೆ ಎಲೆಗೆ ಹಿಡಿಯುತ್ತದೆ. ಜ್ವಾಲೆ ತಾಗಿಸದೆ ತುದಿಯನ್ನು ತಿರುಗಿಸುತ್ತಾ ಕಾಯಿಸಿ. ಅಂಚೆಲ್ಲ ಕಪ್ಪಾದ ಮೇಲೆ ಮೆಲ್ಲಗೆ ಎಳೆಯಿರಿ. ನಂತರ ತುದಿಗೆ ಊದಿದರೆ ಕೆಂಡ ಸುತ್ತಲೂ ಒಂದೇ ಸಮ ಹೊಳೆಯಬೇಕು.

ಇನ್ನು ಸೇದುವುದು. ಹೊಗೆ ಬಾಯಲ್ಲೇ ಇರಲಿ, ಎದೆಗೆ ಎಳೆಯಬೇಡಿ. ನಿಮಿಷಕ್ಕೆ ಒಂದೇ ಸಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮೈಲ್ಡ್ ಸಿಗಾರ್ ಕೆಟ್ಟದು ಅಂತ ಬೈಸಿಕೊಳ್ಳುವುದು ಹೆಚ್ಚಾಗಿ ನಮ್ಮ ಅವಸರದಿಂದ. ಗಿಡದ ತುದಿಯ ಖಾರದ ಎಲೆ, ಅಂದರೆ ಲಿಗೆರೋ, ಇದರಲ್ಲಿ ಕಡಿಮೆ. ಹಾಗಾಗಿ ರುಚಿ ತೆಳು: ಹಾಲಿನ ಕೆನೆ, ಹುರಿದ ಕಡಲೆಕಾಯಿ, ಸ್ವಲ್ಪ ಬಿಳಿ ಮೆಣಸು. ರುಚಿ ಸಾಲದು ಅಂತ ಜೋರಾಗಿ ಎಳೆದರೆ ಕೆಂಡ ಕಾದು ಇದ್ದ ರುಚಿಯೂ ಸುಟ್ಟುಹೋಗುತ್ತದೆ, ಉಳಿಯುವುದು ಬರೀ ಕಹಿ. ಕಹಿ ಬಂತು ಅಂದರೆ ತೀರ್ಪು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಸಿಗಾರ್ ಒಳಗಿಂದ ಹೊರಕ್ಕೆ ಒಂದು ಸಲ ಮೆಲ್ಲಗೆ ಊದಿ, ಎರಡು ನಿಮಿಷ ಹಾಗೇ ಇಡಿ, ಮತ್ತೆ ಎಳೆಯಿರಿ. ಕಹಿ ಹೋಗಿದ್ದರೆ ಅದು ನಿಮ್ಮ ವೇಗದ್ದು, ಹಾಗೇ ಇದ್ದರೆ ಎಲೆಯದ್ದು.

ಉರಿ ಒಂದು ಬದಿಗೆ ಸ್ವಲ್ಪ ಓರೆಯಾದರೆ ಬಿಟ್ಟುಬಿಡಿ, ತಾನೇ ಸರಿಹೋಗುತ್ತದೆ. ಜಾಸ್ತಿ ಹಿಂದೆ ಬಿದ್ದರೆ ಆ ಬದಿಗೆ ಮಾತ್ರ ಬೆಂಕಿ ತೋರಿಸಿ. ಬೂದಿಯನ್ನು ಪದೇ ಪದೇ ಕೊಡವಬೇಡಿ. ಲಾಂಗ್ ಫಿಲ್ಲರ್ ಆದರೆ ಎರಡು ಸೆಂಟಿಮೀಟರ್ ಬೂದಿ ಆರಾಮಾಗಿ ನಿಲ್ಲುತ್ತದೆ, ಚೂರು ತುಂಬಿದ್ದು ಮೊದಲೇ ಪದರ ಪದರವಾಗಿ ಉದುರುತ್ತದೆ.

ಮೈಲ್ಡ್ ಅಂದರೆ ರುಚಿ ಮೃದು ಅಷ್ಟೇ, ಅಪಾಯ ಕಡಿಮೆ ಅಂತ ಅಲ್ಲ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಒಳಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಮೂಲಕವೇ ರಕ್ತಕ್ಕೆ ಸೇರುತ್ತದೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪಾಯ ನಿಜವಾದದ್ದು. ಈವರೆಗೆ ಸೇದದವರು ಶುರು ಮಾಡಲೇಬೇಡಿ. ಸೇದುವವರು ಖಾಲಿ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುತ್ತದೆ, ಬೆವರುತ್ತದೆ. ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅಲ್ಲೂ ಬೇಡ.

ಅಳೆಯುವಾಗ ಸಿಗಾರನ್ನು ಮೂರು ಪಾಲು ಮಾಡಿಕೊಂಡು ಒಂದೊಂದಕ್ಕೂ ಎರಡು ಸಾಲು ಬರೆದಿಡಿ. ಮೊದಲು ಹೊಗೆ ಸಲೀಸಾಗಿ ಬಂತಾ, ಆಮೇಲೆ ಉರಿ ಸಮ ಇತ್ತಾ, ರುಚಿ ಕೊನೆಗೆ. ನನ್ನ ಲೆಕ್ಕ ಇದೇ ಕ್ರಮದಲ್ಲಿ, ಏಕೆಂದರೆ ಎಳೆಯಲಾಗದ ಸಿಗಾರ್‌ನಲ್ಲಿ ರುಚಿ ಎಷ್ಟಿದ್ದರೇನು, ಅಲ್ವಾ? ಕಡಿಮೆ ಬೆಲೆಯದ್ದರಿಂದ ರುಚಿ ಮೂರೂ ಪಾಲಲ್ಲಿ ಬದಲಾಗುತ್ತಾ ಹೋಗಲಿ ಅಂತ ನಿರೀಕ್ಷಿಸುವುದು ನ್ಯಾಯವಲ್ಲ. ಎರಡನೇ ಪಾಲು ಮುಗಿಯುವವರೆಗೆ ಕಹಿಯಿಲ್ಲದೆ, ತಣ್ಣಗೆ, ಒಂದೇ ಹದದಲ್ಲಿ ನಡೆದರೆ ನನ್ನ ಪ್ರಕಾರ ಅದು ಒಳ್ಳೆಯ ಸಿಗಾರ್. ಕೊನೆಯ ಪಾಲು ಬಿಸಿಯಾದಾಗ ನಿಲ್ಲಿಸಿ. ಹೊಸಕಬೇಡಿ, ಕೆಟ್ಟ ವಾಸನೆ ಏಳುತ್ತದೆ. ಬೂದಿಬಟ್ಟಲಲ್ಲಿ ಇಟ್ಟರೆ ತಾನೇ ಆರುತ್ತದೆ.

ಒಂದನ್ನೇ ಸೇದಿ ಇಡೀ ಕಟ್ಟು ಕೊಳ್ಳಬೇಡಿ. ಕೈಯಲ್ಲಿ ಸುತ್ತಿದ್ದು ಒಂದರಂತೆ ಇನ್ನೊಂದು ಇರುವುದಿಲ್ಲ, ಅಗ್ಗದ್ದರಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಎರಡು ಬಿಡಿ ಕೊಳ್ಳಿ, ಬೇರೆ ಬೇರೆ ದಿನ ಸೇದಿ, ಬರೆದದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಎರಡೂ ಹೊಂದಿದರೆ ಮಾತ್ರ ಕಟ್ಟಿಗೆ ದುಡ್ಡು ಹಾಕಿ.